ಶಿರಾಡಿ ಏರಿನಲ್ಲಿ ಕಂಡ ಕೆಂಪು ದೀಪ

ಉಪ್ಪಿನಂಗಡಿಯಲ್ಲಿ ಐದು ವರ್ಷ ಬಾಡಿಗೆಗಿದ್ದ ಮನೆಯನ್ನು 2019ರ ಡಿಸೆಂಬರ್‌ನಲ್ಲಿ ಖಾಲಿ ಮಾಡಿದೆವು. ಯಜಮಾನರಿಗೆ ಹಾಸನದಲ್ಲಿ ಕೆಲಸ ಸಿಕ್ಕಿತ್ತು. ಅವರು ಮೊದಲೇ ಹೋಗಿ ಮನೆ ಗೊತ್ತು ಮಾಡಿದ್ದರು. ಸಾಮಾನು ಸಾಗಿಸುವುದು ಹೇಗೆ ಎಂಬ ಚಿಂತೆಯಲ್ಲಿದ್ದಾಗ ಹಾಸನದ ಮಾಮು ಫೋನ್ ಮಾಡಿದರು.

"ಶುಂಠಿ ಇಳಿಸೋಕೆ ಮಂಗಳೂರಿಗೆ ಬರ್ತಿದ್ದೀನಿ ಬೇಟಿ. ವಾಪಸು ಬರುವಾಗ ಹೆಂಚಿನ ಲೋಡ್ ಇದೆ. ಅದರ ಮೇಲೆ ನಿನ್ನ ಸಾಮಾನು ಕಟ್ಟಿದರಾಯ್ತು. ಬಾಡಿಗೆಯ ಮಾತು ಮಾತ್ರ ಎತ್ತಬೇಡ."

ಮಾಮುವಿನ ಲಾರಿಗೆ ಆಗ 23 ವರ್ಷ. ಪಿಯುಸಿ ಓದುತ್ತಿದ್ದ ನನ್ನ ಮಗನಿಗಿಂತಲೂ ಹಿರಿಯದು. ಅದರ ದುಡಿಮೆಯಿಂದಲೇ ಮಾಮು ಇಬ್ಬರು ಹೆಣ್ಣು ಮಕ್ಕಳ ಮದುವೆ ಮಾಡಿದ್ದರು. ಮೂರನೆಯವಳು ಬಿ.ಎಡ್. ಓದುತ್ತಿದ್ದಳು. ಮನೆಯ ಒಬ್ಬ ದುಡಿಯುವ ಮಗನ ಬಗ್ಗೆ ಹೇಳುವಂತೆ ಮಾಮಿ ಆ ಲಾರಿಯ ಬಗ್ಗೆ ಹೇಳುತ್ತಿದ್ದರು.

ಬೆಳಿಗ್ಗೆ ಫಜ್ರ್ ಆದ ಕೂಡಲೇ ಹೊರಟೆವು. ಸ್ಟೀರಿಂಗ್ ಹಿಡಿದ ಮಾಮು, ಬಾಗಿಲ ಬಳಿ ಕ್ಲೀನರ್ ಹುಡುಗ, ಹಿಂದಿನ ಉದ್ದ ಸೀಟಿನಲ್ಲಿ ನಾನು ಮತ್ತು ಮಗ. ಹಳೆಯ ಲಾರಿಗಳಲ್ಲಿ ಎಂಜಿನ್ ಕ್ಯಾಬಿನ್ನಿನ ಒಳಗೇ ಇರುತ್ತದೆ. ಅದರ ಮುಚ್ಚಳದ ಮೇಲೆ ದಪ್ಪ ಕಂಬಳಿ ಹೊದಿಸಿದ್ದರೂ ಕಾವು ಮುಖಕ್ಕೆ ಬಡಿಯುತ್ತಿತ್ತು. ನೇತ್ರಾವತಿ ಮತ್ತು ಕುಮಾರಧಾರಾ ಕೂಡುವ ಊರನ್ನು ಹಿಂದೆ ಬಿಟ್ಟು ನೆಲ್ಯಾಡಿ ದಾಟಿದೆವು. ರಬ್ಬರ್ ತೋಟಗಳ ನಡುವೆ ಹಗುರವಾದ ಮಂಜು. ಗುಂಡ್ಯದಲ್ಲಿ ಚಹಾ ಕುಡಿದು ಘಾಟಿಯ ಕಡೆ ತಿರುಗಿದೆವು.

ಕಾಡಿನ ನಡುವಿನ ಏರು

ಶಿರಾಡಿ ಘಾಟಿಯ ಬಗ್ಗೆ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮೊದಲು ರಾಷ್ಟ್ರೀಯ ಹೆದ್ದಾರಿ 48 ಎಂದು ಕರೆಯುತ್ತಿದ್ದ ಈ ದಾರಿಗೆ ಈಗ 75 ಎಂಬ ಸಂಖ್ಯೆ. ಗುಂಡಿಗಳಿಗೇ ಹೆಸರಾಗಿದ್ದ ಘಾಟಿಯನ್ನು 2015ರಲ್ಲಿ ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಲಾಯಿತು. ರಸ್ತೆ ನುಣುಪಾದರೂ ಏರು ಕಡಿಮೆಯಾಗಲಿಲ್ಲ. ಸಮುದ್ರದ ಬದಿಯಿಂದ ಹೊರಟ ಲಾರಿ ಸುಮಾರು 950 ಮೀಟರ್ ಎತ್ತರದ ಸಕಲೇಶಪುರ ತಲುಪುವಷ್ಟರಲ್ಲಿ ಎಂಜಿನ್ನಿನ ನಿಜವಾದ ಪರೀಕ್ಷೆ ಆಗಿರುತ್ತದೆ.

ಇದೇ ಕಾಡಿನಲ್ಲಿ ರೈಲೂ ಏರುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳು, 109 ಸೇತುವೆಗಳು. ಮಗ ಇದನ್ನೆಲ್ಲ ಓದಿಕೊಂಡಿದ್ದ. ಮರಗಳ ಸಂದಿಯಲ್ಲಿ ಸೇತುವೆ ಕಾಣುತ್ತದೆಯೇ ಎಂದು ಅವನು ಕಿಟಕಿಯಾಚೆ ನೋಡುತ್ತಿದ್ದ. ಕೆಂಪುಹೊಳೆಯ ನೀರು ಒಮ್ಮೆ ಕಾಣಿಸಿ ಮತ್ತೆ ಕಾಡಿನಲ್ಲಿ ಮರೆಯಾಗುತ್ತಿತ್ತು. ನಮ್ಮ ಲಾರಿ ಎರಡನೇ ಗೇರಿನಲ್ಲಿ ನರಳುತ್ತಾ ಹತ್ತುತ್ತಿತ್ತು.

ಒಂದು ತಿರುವಿನಲ್ಲಿ ವಾಹನಗಳೆಲ್ಲ ನಿಂತಿದ್ದವು. ಮುಂದೆ ಯಾವುದೋ ಟ್ಯಾಂಕರ್ ಕೆಟ್ಟು ನಿಂತಿದೆಯಂತೆ. ಮಾಮು ಬ್ರೇಕ್ ಹಾಕಿ ಗೇರ್ ಬಿಡಿಸಿದರು. ಎಂಜಿನ್ ಮೆಲ್ಲಗೆ ಓಡತೊಡಗಿದ ಕೂಡಲೇ ಅವರ ಮುಂದಿನ ಹಲಗೆಯ ಮೇಲೆ ಸಣ್ಣ ಕೆಂಪು ದೀಪವೊಂದು ಮಿಣುಕಿತು.

"ಮಾಮು, ಅದೇನು ದೀಪ?" ಎಂದೆ.

"ಆಯಿಲ್ ಪ್ರೆಶರ್ ದೀಪ. ಬಿಸಿಯಾದಾಗ ಹಾಗೆ ಬರುತ್ತೆ. ಇಗೋ ನೋಡು," ಎಂದು ಅವರು ಆಕ್ಸಿಲರೇಟರ್ ಸ್ವಲ್ಪ ಒತ್ತಿದರು. ದೀಪ ಆರಿತು. ಕಾಲು ತೆಗೆದರೆ ಮತ್ತೆ ಹತ್ತಿತು.

ಅದರ ಪಕ್ಕದಲ್ಲಿ ಒಂದು ದುಂಡು ಮೀಟರ್ ಇತ್ತು. ಮುಳ್ಳು ಸೊನ್ನೆಯಲ್ಲಿ ನಿಂತಿತ್ತು. "ಅದು ಕೆಟ್ಟು ಮೂರು ವರ್ಷವಾಯ್ತು," ಎಂದ ಕ್ಲೀನರ್ ಹುಡುಗ ನಕ್ಕ. ನಾನೂ ಸುಮ್ಮನಾದೆ. ಮೂವತ್ತು ವರ್ಷ ಲಾರಿ ಓಡಿಸಿದವರಿಗೆ ನಾನೇನು ಹೇಳುವುದು ಎಂದುಕೊಂಡೆ. ಅರ್ಧ ಗಂಟೆ ಆ ದೀಪ ಹತ್ತುತ್ತಾ ಆರುತ್ತಾ ಇತ್ತು. ಮಾಮು ಒಂದು ಕಾಲನ್ನು ಆಕ್ಸಿಲರೇಟರ್ ಮೇಲೆ ಇಟ್ಟೇ ಕುಳಿತಿದ್ದರು.

ಕೆಳಗಿನಿಂದ ಬಂದ ಸದ್ದು

ದಾರಿ ತೆರೆದು ಮಾರನಹಳ್ಳಿ ದಾಟಿದೆವು. ಘಾಟಿ ಮುಗಿಯಿತೆಂದು ಎಲ್ಲರಿಗೂ ಸಮಾಧಾನ. ದೋಣಿಗಾಲ್ ಹತ್ತಿರದ ಸಣ್ಣ ಏರಿನಲ್ಲಿ ಎಂಜಿನ್ನಿನ ಅಡಿಯಿಂದ ಸದ್ದು ಕೇಳಿಸಿತು. ಕಬ್ಬಿಣದ ಮೇಲೆ ಯಾರೋ ಬಟ್ಟೆ ಸುತ್ತಿದ ಸುತ್ತಿಗೆಯಿಂದ ಹೊಡೆಯುವಂಥ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಜೋರಾಯಿತು. ಆಗ ಎಂಜಿನ್ ವೇಗವಾಗಿ ಓಡುತ್ತಿದ್ದರೂ ಕೆಂಪು ದೀಪ ಆರಲಿಲ್ಲ.

ಮಾಮುವಿನ ಮುಖ ಬಿಳಿಚಿಕೊಂಡಿತು. ಸಕಲೇಶಪುರ ಇನ್ನು ಆರೇಳು ಕಿಲೋಮೀಟರ್ ಅಷ್ಟೇ. "ಹೇಗಾದರೂ ಗ್ಯಾರೇಜ್ ಮುಟ್ಟಿಸೋಣ" ಎಂದ ಕ್ಲೀನರ್ ಹುಡುಗ. ಮಾಮು ಎರಡು ಕ್ಷಣ ಯೋಚಿಸಿ ಲಾರಿಯನ್ನು ಬದಿಗೆ ಎಳೆದು ಎಂಜಿನ್ ನಿಲ್ಲಿಸಿದರು. ಅವತ್ತು ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ ಎಂದು ನಮಗೆ ಆಮೇಲೆ ತಿಳಿಯಿತು.

ಸಕಲೇಶಪುರದ ಪರಿಚಯದ ಗ್ಯಾರೇಜಿಗೆ ಫೋನ್ ಹೋಯಿತು. ಒಂದು ಗಂಟೆಯ ನಂತರ ಎಳೆಯುವ ಗಾಡಿ ಬಂತು. ಹೇಮಾವತಿಯ ದಡದ ಆ ಊರಿಗೆ ನಮ್ಮ ಮಂಚ, ಕಪಾಟು, ಪಾತ್ರೆಪಗಡಗಳ ಸಮೇತ ಲಾರಿ ಎಳೆಸಿಕೊಂಡು ಹೋಯಿತು. ದಾರಿಯುದ್ದಕ್ಕೂ ಮಾಮು ಒಂದು ಮಾತೂ ಆಡಲಿಲ್ಲ.

ಕೂದಲೆಳೆಯಷ್ಟು ಸಂದು

ಗ್ಯಾರೇಜಿನ ಹಿರಿಯ ಮೆಕ್ಯಾನಿಕ್‌ಗೆ ಎಪ್ಪತ್ತರ ಹತ್ತಿರ ವಯಸ್ಸು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನು ಚಾಚಾ ಎಂದೆ. ಅವರು ಮೊದಲು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರು, ಬೆರಳಿಗೆ ಹಚ್ಚಿ ಉಜ್ಜಿದರು, ಮೂಸಿದರು.

"ಏನು ಮೂಸುತ್ತೀರಿ ಚಾಚಾ?" ಎಂದು ಮಗ ಕೇಳಿದ.

"ಡೀಸೆಲ್ ವಾಸನೆ ಇದೆಯಾ ಅಂತ. ಕೆಲವು ಗಾಡಿಯಲ್ಲಿ ಡೀಸೆಲ್ ಸೋರಿ ಆಯಿಲ್‌ಗೆ ಸೇರುತ್ತೆ. ಆಗ ಕಡ್ಡಿಯಲ್ಲಿ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿ ಕಾಣುತ್ತೆ. ಡ್ರೈವರ್ ಖುಷಿಪಡ್ತಾನೆ. ಆದರೆ ಆಯಿಲ್ ನೀರಾಗಿರುತ್ತೆ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ರೇಡಿಯೇಟರ್ ನೀರು ಸೇರಿದೆ ಅಂತ ಲೆಕ್ಕ. ಇದರಲ್ಲಿ ಎರಡೂ ಇಲ್ಲ."

ಎರಡನೆಯದಾಗಿ ಅವರು ದೀಪಕ್ಕೆ ಸುದ್ದಿ ಮುಟ್ಟಿಸುವ ಸಣ್ಣ ಸ್ವಿಚ್ಚನ್ನು ಬಿಚ್ಚಿ, ಆ ಜಾಗಕ್ಕೆ ಪೈಪಿರುವ ತಮ್ಮದೇ ಮೀಟರ್ ಜೋಡಿಸಿದರು. ಎಷ್ಟೋ ಸಲ ಎಂಜಿನ್ ಸರಿಯಿದ್ದು ಸ್ವಿಚ್ ಅಥವಾ ವೈರು ಕೆಟ್ಟಿರುತ್ತದಂತೆ. ಅದನ್ನು ನೋಡದೆ ಎಂಜಿನ್ ಬಿಚ್ಚುವವನು ಮೆಕ್ಯಾನಿಕ್ಕೇ ಅಲ್ಲ ಎಂದರು. ಸದ್ದು ಬಂದ ಎಂಜಿನ್ನನ್ನು ಹೆಚ್ಚು ಓಡಿಸಬಾರದೆಂದು ಅರ್ಧ ನಿಮಿಷ ಮಾತ್ರ ಸ್ಟಾರ್ಟ್ ಮಾಡಿಸಿದರು. ಮುಳ್ಳು ಒಂದೂವರೆಗೆ ಏರಿ ನಿಂತಿತು. ಒಂದು ಚದರ ಸೆಂಟಿಮೀಟರಿಗೆ ಎಷ್ಟು ಕೆಜಿ ಒತ್ತಡ ಎಂಬುದು ಅದರ ಲೆಕ್ಕ.

"ಎಂಜಿನ್ ತಣ್ಣಗಾಗಿದೆ. ಈಗ ನಾಲ್ಕು ದಾಟಬೇಕಿತ್ತು. ಬಿಸಿಯಾದರೆ ಇದು ಎಲ್ಲಿಗೆ ಇಳಿಯುತ್ತೆ ನೀವೇ ಹೇಳಿ," ಎಂದರು ಚಾಚಾ ಮಾಮುವಿನ ಕಡೆ ತಿರುಗಿ. ಮಾಮು ತಲೆ ತಗ್ಗಿಸಿದರು.

ನನಗೆ ಒಂದು ಸಂದೇಹ. ಆಯಿಲ್ ಇದೆ, ಸೋರಿಲ್ಲ, ಪಂಪ್ ತಿರುಗುತ್ತಿದೆ. ಮತ್ತೆ ಒತ್ತಡ ಹೋದದ್ದೆಲ್ಲಿಗೆ? ಕೇಳಿಯೇಬಿಟ್ಟೆ. ಚಾಚಾ ಬೇಸರಪಡದೆ ಹೇಳಿದರು.

"ಮನೆಯಲ್ಲಿ ಗಿಡಕ್ಕೆ ಪೈಪಿನಲ್ಲಿ ನೀರು ಬಿಡ್ತೀಯಲ್ಲ ಬೇಟಿ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುತ್ತೆ. ಬೆರಳು ತೆಗೆದರೆ ಕಾಲ ಬುಡಕ್ಕೇ ಸುರಿಯುತ್ತೆ. ನಲ್ಲಿ ಅದೇ, ನೀರೂ ಅದೇ. ಪಂಪ್ ಆಯಿಲನ್ನು ತಳ್ಳುತ್ತೆ ಅಷ್ಟೆ. ಪ್ರೆಶರ್ ಹುಟ್ಟೋದು ಆಯಿಲ್ ಹೋಗುವ ಸಂದು ಕಿರಿದಾಗಿರುವುದರಿಂದ."

ಆ ಸಂದು ಇರುವುದು ಬೇರಿಂಗ್‌ಗಳಲ್ಲಿ. ಎಂಜಿನ್ನಿನ ಅಡಿಯಲ್ಲಿ ಕ್ರ್ಯಾಂಕ್ ಎಂಬ ಭಾರವಾದ ಉಕ್ಕಿನ ದಂಡ ನಿಮಿಷಕ್ಕೆ ಸಾವಿರ, ಎರಡು ಸಾವಿರ ಸುತ್ತು ತಿರುಗುತ್ತದೆ. ಅದು ಬೇರಿಂಗಿನ ಮೇಲೆ ಉಜ್ಜಿಕೊಂಡು ತಿರುಗುತ್ತದೆ ಎಂದು ನಾನು ಭಾವಿಸಿದ್ದೆ. ಹಾಗಲ್ಲವಂತೆ. ಎರಡರ ನಡುವೆ ಒಂದು ತಲೆಗೂದಲಿನ ದಪ್ಪದಷ್ಟು, ಎಂದರೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ ಜಾಗವಿರುತ್ತದೆ. ಅದನ್ನು ತುಂಬಿರುವ ಆಯಿಲಿನ ಪದರದ ಮೇಲೆ ಕ್ರ್ಯಾಂಕ್ ತೇಲುತ್ತಾ ತಿರುಗುತ್ತದೆ. ಲಕ್ಷಾಂತರ ಕಿಲೋಮೀಟರ್ ಓಡಿದ ಮೇಲೆ ಬೇರಿಂಗ್ ಸವೆದು ಆ ಸಂದು ಅಗಲವಾಗುತ್ತದೆ. ಆಯಿಲ್ ತಡೆಯಿಲ್ಲದೆ ಹರಿದುಹೋಗುತ್ತದೆ. ಒತ್ತಡ ಬೀಳುತ್ತದೆ. ಪದರ ಹರಿದಾಗ ಲೋಹಕ್ಕೆ ಲೋಹ ತಾಗುತ್ತದೆ. ನಾವು ಕೇಳಿದ ಸದ್ದು ಅದೇ.

ದೀಪ ನಿಂತಾಗಲಷ್ಟೇ ಹತ್ತಿದ್ದೇಕೆ? ಅದಕ್ಕೂ ಉತ್ತರವಿತ್ತು. ಚಳಿಯಲ್ಲಿ ಗಟ್ಟಿಯಾಗುವ ಕೊಬ್ಬರಿ ಎಣ್ಣೆ ಬಾಣಲೆಯಲ್ಲಿ ನೀರಿನಂತಾಗುವುದಿಲ್ಲವೇ? ಘಾಟಿ ಹತ್ತಿ ಕುದಿಯುವಷ್ಟು ಕಾದ ಎಂಜಿನ್ ಆಯಿಲೂ ಹಾಗೆಯೇ ತೆಳುವಾಗುತ್ತದೆ. ಲಾರಿ ನಿಂತಾಗ ಎಂಜಿನ್ ನಿಧಾನವಾಗುವುದರಿಂದ ಪಂಪೂ ನಿಧಾನವಾಗುತ್ತದೆ. ತೆಳು ಆಯಿಲ್, ನಿಧಾನದ ಪಂಪ್, ಅಗಲವಾದ ಸಂದು, ಈ ಮೂರೂ ಸೇರುವುದು ಬಿಸಿ ಎಂಜಿನ್ ನಿಂತಲ್ಲೇ ಓಡುವಾಗ. ಆಕ್ಸಿಲರೇಟರ್ ಒತ್ತಿದರೆ ಪಂಪ್ ಜೋರಾಗಿ ದೀಪ ಆರುತ್ತದೆ, ಸಂದು ಮಾತ್ರ ಹಾಗೆಯೇ ಉಳಿಯುತ್ತದೆ.

ಚಾಚಾ ಹೇಳಿದ ಇನ್ನೊಂದು ಮಾತು ನನ್ನನ್ನು ಬೆಚ್ಚಿಬೀಳಿಸಿತು. ಪ್ರೆಶರ್ ಸ್ವಲ್ಪ ಕಡಿಮೆಯಾದ ಕೂಡಲೇ ಆ ದೀಪ ಹತ್ತುವುದಿಲ್ಲವಂತೆ. ಅರ್ಧ ಕೆಜಿಯ ಆಸುಪಾಸಿಗೆ, ಅಂದರೆ ಬಹುತೇಕ ಮುಗಿಯುವ ಹಂತಕ್ಕೆ ಬಂದ ಮೇಲೆ ಹತ್ತುತ್ತದೆ. ಮೊದಲೇ ಎಚ್ಚರಿಸುವುದು ಮೀಟರಿನ ಮುಳ್ಳು. ನಮ್ಮ ಲಾರಿಯಲ್ಲಿ ಅದು ಮೂರು ವರ್ಷದಿಂದ ಸತ್ತಿತ್ತು.

ಮಾಮಿಯ ಲೆಕ್ಕದ ಪುಸ್ತಕ

"ಟ್ರಿಪ್ಪಿಗೆ ಎಷ್ಟು ಆಯಿಲ್ ಸೇರಿಸ್ತಿದ್ದೀರಿ? ಯಾವಾಗಿನಿಂದ?" ಎಂದು ಚಾಚಾ ಕೇಳಿದರು.

ಮಾಮು "ಆಗಾಗ ಒಂದೊಂದು ಲೀಟರ್..." ಎಂದು ತಡವರಿಸಿದರು. ನಾನು ಮಾಮಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಅಳುತ್ತಾರೆ ಎಂದುಕೊಂಡಿದ್ದೆ. ಮಾಮಿ ಒಂದು ನಿಮಿಷ ಸುಮ್ಮನಿದ್ದು, "ಇರು, ಪುಸ್ತಕ ತರ್ತೀನಿ" ಎಂದರು.

ಏಳನೇ ತರಗತಿಗೆ ಶಾಲೆ ಬಿಟ್ಟ ಮಾಮಿ ಲಾರಿಯ ಪ್ರತಿ ಖರ್ಚನ್ನೂ ಬರೆದಿಡುತ್ತಿದ್ದರು. ಡೀಸೆಲ್, ಟೋಲ್, ಪಂಕ್ಚರ್, ಕ್ಲೀನರ್ ಬಟ್ಟಾ, ಆಯಿಲ್. ಫೋನಿನಲ್ಲಿ ಓದುತ್ತಾ ಹೋದರು. ಎರಡು ವರ್ಷದ ಹಿಂದೆ ತಿಂಗಳಿಗೆ ಒಂದು ಲೀಟರ್. ಕಳೆದ ರಮಝಾನ್ ಹೊತ್ತಿಗೆ ತಿಂಗಳಿಗೆ ಮೂರು. ಆಮೇಲೆ ಒಂದೊಂದು ಟ್ರಿಪ್ಪಿಗೇ ಎರಡು. ಆಗಸ್ಟ್‌ನಲ್ಲಿ "ದಪ್ಪ ಆಯಿಲ್" ಎಂದು ಬೇರೆ ದರದಲ್ಲಿ ಬರೆದಿತ್ತು.

"ಅವರಿಗೆ ಆಗಲೇ ಕೇಳಿದ್ದೆ, ಇಷ್ಟೊಂದು ಆಯಿಲ್ ಎಲ್ಲಿಗೆ ಹೋಗುತ್ತೆ ಅಂತ. ಹೆಂಗಸರಿಗೆ ಎಂಜಿನ್ ವಿಷಯ ಯಾಕೆ ಅಂದರು," ಎಂದರು ಮಾಮಿ. ಫೋನಿನ ಸ್ಪೀಕರ್ ಹಾಕಿದ್ದು ಅವರಿಗೆ ಗೊತ್ತಿರಲಿಲ್ಲ. ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ.

ಚಾಚಾ ನಿಧಾನವಾಗಿ ಹೇಳಿದರು. "ಬೇರಿಂಗ್ ಸವೆದಾಗ ಹೆಚ್ಚು ಆಯಿಲ್ ಸಿಲಿಂಡರಿನ ಗೋಡೆಗೆ ಎರಚುತ್ತೆ, ರಿಂಗ್ ಹಳೆಯದಾಗಿದ್ದರೆ ಅದು ಉರಿದು ಹೋಗುತ್ತೆ. ನಿಮ್ಮ ಮನೆಯವರ ಪುಸ್ತಕ ಒಂದು ವರ್ಷ ಮೊದಲೇ ಕಾಯಿಲೆ ಹೇಳಿದೆ. ದಪ್ಪ ಆಯಿಲ್ ಹಾಕಿ ನೀವು ಅದರ ಬಾಯಿ ಮುಚ್ಚಿಸಿದಿರಿ."

ದಪ್ಪ ಆಯಿಲ್ ಹಾಕಿದರೆ ಮುಳ್ಳು ಸ್ವಲ್ಪ ಏರುತ್ತದೆ, ದೀಪ ಕೆಲವು ತಿಂಗಳು ಸುಮ್ಮನಾಗುತ್ತದೆ. ಆದರೆ ಸವೆತ ನಿಲ್ಲುವುದಿಲ್ಲ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆ ಗಟ್ಟಿ ಆಯಿಲ್ ಮೇಲಿನ ಭಾಗಗಳಿಗೆ ತಲುಪಲು ತಡವಾಗಿ ಇನ್ನಷ್ಟು ಹಾನಿಯಾಗುತ್ತದೆ. ಕೆಲವರು ಪ್ರೆಶರ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಕೊಡುತ್ತಾರೆ. ಆ ವಾಲ್ವ್ ಇರುವುದೇ ಅತಿಯಾದ ಪ್ರೆಶರನ್ನು ಹೊರಬಿಡಲು, ಇಲ್ಲದ ಪ್ರೆಶರನ್ನು ಅದು ಎಲ್ಲಿಂದ ತರಬೇಕು? ಇನ್ನು ಕೆಲವರು ದೀಪದ ವೈರನ್ನೇ ಕಿತ್ತುಹಾಕುತ್ತಾರೆ ಎಂದು ಚಾಚಾ ನಕ್ಕರು. ಮಾಮು ನಗಲಿಲ್ಲ.

ಸಂಜೆ ಎಂಜಿನ್ನಿನ ತಳದ ಚೇಂಬರ್ ಬಿಚ್ಚಿದರು. ಪಂಪಿಗೆ ಆಯಿಲ್ ಎಳೆಯುವ ಜಾಲರಿಯ ಅರ್ಧಭಾಗ ಕಪ್ಪು ಕೆಸರಿನಿಂದ, ಹಿಂದೆ ಯಾರೋ ಬಳಿದಿದ್ದ ಗ್ಯಾಸ್ಕೆಟ್ ಪೇಸ್ಟಿನ ತುಣುಕುಗಳಿಂದ ಮುಚ್ಚಿಹೋಗಿತ್ತು. ಬೇರಿಂಗ್ ಹಲ್ಲೆಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟೆಯ ಮೇಲೆ ಇಟ್ಟರು. ಹೊಸದರ ಬಣ್ಣ ಬೂದಿ ಬೆಳ್ಳಿ. ನಮ್ಮವುಗಳಲ್ಲಿ ಆ ಪದರ ಸವೆದು ಒಳಗಿನ ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ಚಾಚಾ ಟಾರ್ಚ್ ಹಿಡಿದು ಕ್ರ್ಯಾಂಕಿನ ಮೇಲೆ ಉಗುರು ಎಳೆದು ನೋಡಿದರು, ಮೈಕ್ರೋಮೀಟರಿನಿಂದ ಎಲ್ಲ ಕಡೆ ಅಳೆದರು.

"ಅಲ್ಹಮ್ದುಲಿಲ್ಲಾಹ್, ಕ್ರ್ಯಾಂಕ್ ಉಳಿದಿದೆ. ಸದ್ದು ಬಂದ ಕೂಡಲೇ ನಿಲ್ಲಿಸಿದ್ದೀರಿ. ಆ ಆರು ಕಿಲೋಮೀಟರ್ ಓಡಿಸಿದ್ದರೆ ಬೇರಿಂಗ್ ಕಚ್ಚಿ ಹಿಡಿದು ಕ್ರ್ಯಾಂಕೂ ಹೋಗುತ್ತಿತ್ತು, ರಾಡ್ ಮುರಿದು ಬ್ಲಾಕ್ ಒಡೆದರೂ ಆಶ್ಚರ್ಯವಿರಲಿಲ್ಲ."

ಹೊಸ ಬೇರಿಂಗ್, ಪಂಪ್, ಫಿಲ್ಟರ್, ಆಯಿಲ್, ಕೂಲಿ ಎಲ್ಲ ಸೇರಿ 28 ಸಾವಿರ ರೂಪಾಯಿ ಎಂದರು. ಮಾಮುವಿನ ಬಳಿ ಇದ್ದದ್ದು ಒಂಬತ್ತು ಸಾವಿರ. ಉಳಿದ ಹಣ ಮಾಮಿಯ ಚೀಟಿ ಹಣ. ಅದು ಮಗಳ ಬಿ.ಎಡ್. ಫೀಸಿಗೆಂದು ಎತ್ತಿಟ್ಟದ್ದು. ಕಟ್ಟಲು ಹದಿನೇಳು ದಿನ ಉಳಿದಿತ್ತು. ಮಾಮಿ ಮರುಮಾತಾಡದೆ ಹಣ ಕಳಿಸಿದರು.

ಮಂಜರಾಬಾದಿನ ಮೇಲಿಂದ

ಬಿಡಿಭಾಗಗಳು ಹಾಸನದಿಂದ ಬರಬೇಕಿತ್ತು. ಆ ರಾತ್ರಿ ಯಜಮಾನರ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಮರುದಿನ ಮಗನನ್ನು ಕರೆದುಕೊಂಡು, ಊರಿನಿಂದ ಹಿಂದಕ್ಕೆ ಘಾಟಿಯ ದಾರಿಯಲ್ಲೇ ಇರುವ ಮಂಜರಾಬಾದ್ ಕೋಟೆಗೆ ಹೋದೆ. ನಮ್ಮ ಲಾರಿ ನಿಂತ ಜಾಗದ ಹತ್ತಿರವೇ ಅದರ ಮೆಟ್ಟಿಲುಗಳು ಶುರುವಾಗುತ್ತವೆ. ಹಿಂದಿನ ದಿನ ಅದರತ್ತ ನೋಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಟಿಪ್ಪು ಸುಲ್ತಾನರು 1792ರಲ್ಲಿ ಕಟ್ಟಿಸಿದ ಈ ಕೋಟೆ ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಮಂಗಳೂರಿನ ಬಂದರಿನಿಂದ ಶ್ರೀರಂಗಪಟ್ಟಣದ ಕಡೆಗೆ ಬರುವ ದಾರಿಯನ್ನು ಕಾಯಲು ಕಟ್ಟಿದ್ದು. ನಡುವೆ ಮೆಟ್ಟಿಲಿಳಿಯುವ ಕೊಳ, ನೆಲದಡಿಯಲ್ಲಿ ಮದ್ದುಗುಂಡು ಇಡುತ್ತಿದ್ದ ತಣ್ಣನೆಯ ಕೋಣೆಗಳು. ಮಂಜಿನಿಂದಲೇ ಮಂಜರಾಬಾದ್ ಎಂಬ ಹೆಸರು ಬಂತೆಂಬ ಮಾತಿದೆ. ಗೋಡೆಯ ಅಂಚಿನಲ್ಲಿ ನಿಂತಾಗ ಮಂಜು ಸ್ವಲ್ಪ ಸರಿದು, ಕೆಳಗಿನ ರಸ್ತೆಯಲ್ಲಿ ಲಾರಿಗಳು ಇರುವೆಗಳಂತೆ ಏರಿ ಬರುವುದು ಕಂಡಿತು.

"ಅಮ್ಮಿ, ಶತ್ರು ಬಾಗಿಲಿಗೆ ಬರುವ ಮೊದಲೇ ಇಲ್ಲಿಂದ ಕಾಣಿಸುತ್ತಿತ್ತು ಅಲ್ವಾ? ಮಾಮು ಲಾರಿಯ ಮೀಟರ್ ಕೂಡ ಇದೇ ಕೆಲಸಕ್ಕೆ ಇದ್ದದ್ದು," ಎಂದ ಮಗ. ನಾನು ಆ ಅರ್ಧ ಗಂಟೆಯನ್ನು ನೆನೆಯುತ್ತಿದ್ದೆ. ದೀಪವನ್ನು ಕಂಡವಳು ನಾನು, ಕೇಳಿದವಳೂ ನಾನು, ಸುಮ್ಮನಾದವಳೂ ನಾನೇ.

ಮತ್ತೆ ಸ್ಟಾರ್ಟ್

ಮೂರನೇ ದಿನ ಝುಹರ್ ನಮಾಝಿನ ನಂತರ ಎಂಜಿನ್ ಸಿದ್ಧವಾಯಿತು. ಚಾಚಾ ಕೂಡಲೇ ಸ್ಟಾರ್ಟ್ ಮಾಡಲು ಬಿಡಲಿಲ್ಲ. ಡೀಸೆಲ್ ಬಂದ್ ಮಾಡಿ ಸ್ಟಾರ್ಟರ್ ಮಾತ್ರ ತಿರುಗಿಸಿದರು. ಹೊಸ ಬೇರಿಂಗ್‌ಗಳಿಗೆ ಮೊದಲು ಆಯಿಲ್ ಮುಟ್ಟಬೇಕು, ಬೆಂಕಿ ಆಮೇಲೆ ಎಂದರು. ಮೀಟರಿನ ಮುಳ್ಳು ಅಲುಗಾಡಿದ ಮೇಲೆ ಡೀಸೆಲ್ ತೆರೆದರು. ಎಂಜಿನ್ ಎದ್ದಿತು. ಮುಳ್ಳು ಐದಕ್ಕೆ ಹೋಗಿ ನಿಂತಿತು. ಮುಕ್ಕಾಲು ಗಂಟೆ ಓಡಿ ಚೆನ್ನಾಗಿ ಬಿಸಿಯಾದ ಮೇಲೂ, ನಿಧಾನದ ಓಟದಲ್ಲಿ ಒಂದೂವರೆಯ ಕೆಳಗೆ ಇಳಿಯಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ಮಾಮು ನಕ್ಕರು.

ಹೊರಡುವಾಗ ಚಾಚಾ ಹೇಳಿದ್ದನ್ನು ಮಗ ಬರೆದುಕೊಂಡಿದ್ದಾನೆ. ಲಾರಿ, ಟೆಂಪೊ, ಆಟೊ ಯಾವುದೇ ಇರಲಿ, ವಾಹನದಿಂದ ಬದುಕುವ ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಕೊಡುತ್ತಿದ್ದೇನೆ.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸಮತಟ್ಟಾದ ಜಾಗದಲ್ಲಿ ಆಯಿಲ್ ಕಡ್ಡಿ ನೋಡಬೇಕು. ಕಡಿಮೆಯಾದರೂ, ಹಾಕದೆಯೇ ಹೆಚ್ಚಾದರೂ ಮೆಕ್ಯಾನಿಕ್‌ಗೆ ತೋರಿಸಬೇಕು. ಕಂಪನಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು. ಆಯಿಲ್ ಬದಲಿಸಿದಾಗಲೆಲ್ಲ ಫಿಲ್ಟರ್ ಬದಲಿಸಬೇಕು. ಓಡುವಾಗ ಆಯಿಲ್ ದೀಪ ಹತ್ತಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು, ಮುಂದಿನ ಊರಿನವರೆಗೆ ಎನ್ನಬಾರದು. ಹಳೆಯ ಮೆಕ್ಯಾನಿಕ್‌ಗಳ ಲೆಕ್ಕದಂತೆ ಎಂಜಿನ್ನಿನ ಪ್ರತಿ ಸಾವಿರ ಸುತ್ತಿಗೆ ಸುಮಾರು 0.7 ಕೆಜಿ ಪ್ರೆಶರ್ ಇರಬೇಕು. ಕೊನೆಯ ಮಾತು ಆಯಾ ಎಂಜಿನ್ನಿನ ಪುಸ್ತಕದ್ದೇ.

ಫೀಸು ಕಟ್ಟುವ ಕೊನೆಯ ದಿನದೊಳಗೆ ಮಾಮು ನಾಲ್ಕು ಟ್ರಿಪ್ ಶುಂಠಿ ಹೊಡೆದರು. ಸಾಲದ ಹಣಕ್ಕೆ ಯಜಮಾನರು ಸ್ವಲ್ಪ ಸೇರಿಸಿದರು. ಹುಡುಗಿ ಓದು ಮುಗಿಸಿದಳು. ಮಾಮು ಆ ಲಾರಿಯನ್ನು 2022ರಲ್ಲಿ ಮಾರಿದರು. ಅಲ್ಲಿಯವರೆಗೆ ಆ ದೀಪ ದಾರಿಯಲ್ಲಿ ಮತ್ತೆ ಹತ್ತಲಿಲ್ಲ.

ಲಾರಿ ಮಾರಿದ ಮೇಲೆ ಒಮ್ಮೆ ಮಾಮಿ ತಮ್ಮ ಪುಸ್ತಕ ತೋರಿಸಿದರು. 2019ರ ಡಿಸೆಂಬರ್‌ನಿಂದ ಮುಂದಿನ ಪುಟಗಳಲ್ಲಿ ಡೀಸೆಲ್, ಟೋಲ್, ಆಯಿಲ್ ಜೊತೆಗೆ ಗೆರೆ ಎಳೆದು ಇನ್ನೊಂದು ಕಾಲಂ ಮಾಡಿದ್ದರು. ಪ್ರತಿ ಟ್ರಿಪ್ಪಿನ ನಂತರ ಮಾಮು ಮನೆಯ ಮುಂದೆ ಲಾರಿ ನಿಲ್ಲಿಸಿ, ಎಂಜಿನ್ ಆರಿಸುವ ಮೊದಲು ಮೀಟರ್ ನೋಡಿ ಕೂಗಿ ಹೇಳುತ್ತಿದ್ದರಂತೆ. ಮಾಮಿ ಬಾಗಿಲಲ್ಲಿ ನಿಂತು ಬರೆದುಕೊಳ್ಳುತ್ತಿದ್ದರಂತೆ. ಒಂದೂವರೆ, ಒಂದೂವರೆ, ಒಂದು ಕಾಲು, ಒಂದೂವರೆ ಎಂದು ಪುಟದ ಕೊನೆಯವರೆಗೂ ಬರೆದಿತ್ತು.